ಟಿಣ್ ಅಂದರೆ ಚೀಲಕ್ಕೆ

ಇದು ನಿಜವಾಗಿ ನಡೆದ ಕಥೆ. ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಅಮೆರಿಕದ ಒಹಾಯೋದ ಒಂದು ಪುಟ್ಟ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೇ ಪುಸ್ತಕ ಮಾರಾಟದ ಕೊನೇ ದಿನ. ಚೀಲಕ್ಕೆ ಐದು ಡಾಲರ್, ತುಂಬಿದಷ್ಟು ನಿಮ್ಮದು. ಬಾಗಿಲು ತೆರೆದದ್ದೇ ತಡ, ಎಲ್ಲರಿಗಿಂತ ಮೊದಲು ಓಡಿ ಬಂದವನು ಡೆಲ್ಬರ್ಟ್. ಪುಸ್ತಕದ ಬೆನ್ನ ಮೇಲಿನ ಬಾರ್‌ಕೋಡಿನ ಕಪ್ಪು ಗೆರೆಗಳಿಗೆ ಫೋನು ಹಿಡಿಯುತ್ತಾನೆ. ಇಂಟರ್ನೆಟ್ಟಿನಲ್ಲಿ ಲಾಭಕ್ಕೆ ಹೋಗುವಂಥದ್ದಾದರೆ ಫೋನು ‘ಟಿಣ್’ ಎನ್ನುತ್ತದೆ, ಇಲ್ಲದಿದ್ದರೆ ಗಪ್‌ಚಿಪ್. ಟಿಣ್ ಅಂದದ್ದು ಚೀಲಕ್ಕೆ, ಅನ್ನದ್ದು ವಾಪಸ್ ಮೇಜಿಗೆ.

ಮೇಜಿನ ಹಿಂದೆ ನಿಂತಿದ್ದ ಒಪಲ್ ಟೀಚರಿಗೆ ಹೊಟ್ಟೆ ಉರಿಯಿತು. ಇವನಿಗೆ ಓದು ಕಲಿಸಿದವರೇ ಅವರು.

“ಹೆಸರನ್ನಾದ್ರೂ ಓದೋ, ಡೆಲ್ಬರ್ಟ್!”

“ಓದ್ತಾ ನಿಂತ್ರೆ ಆಯ್ತು ನನ್ನ ಕಥೆ! ಪುಸ್ತಕ ಮಾರೋದು ಒಂದು ಸೆಂಟಿಗೆ ಟೀಚರ್, ಗಿಟ್ಟೋದೆಲ್ಲ ಗಿರಾಕಿ ಕೊಡೋ ಅಂಚೆ ಖರ್ಚಲ್ಲಿ ಉಳಿಯೋ ಚಿಲ್ಲರೆ. ಗ್ಯಾರೇಜ್ ತುಂಬಾ ಮಾರದೇ ಉಳಿದ ಪುಸ್ತಕ. ಇನ್ನೊಂದು ದಂಡದ ಪುಸ್ತಕ ಮನೆಗೆ ತಂದ್ರೆ ಹೆಂಡ್ತಿ ಮಾರ್ಲಿಸ್ ನನ್ನ ಹಾಸಿಗೇನೂ ಅಲ್ಲಿಗೇ ಎಸೀತಾಳಂತೆ.”

“ನೀನು ಬಿಟ್ಟಿದ್ದೆಲ್ಲ ಸಂಜೆ ರದ್ದಿ ಲಾರಿಗೆ ಹೋಗುತ್ತೆ ಕಣೋ. ಅರೆದು ಮೊಟ್ಟೆ ಡಬ್ಬ ಮಾಡ್ತಾರೆ!”

“ಮೊಟ್ಟೆಗಾದ್ರೂ ಉಪಯೋಗವಾಗ್ಲಿ ಬಿಡಿ.”

ಈ ಮಾತು ಟೀಚರಿಗೆ ಎಲ್ಲೋ ಚುಚ್ಚಿತು. ವಾರವಿಡೀ ಒಂದೊಂದೇ ಪುಸ್ತಕದ ಧೂಳು ಒರೆಸಿ ಜೋಡಿಸಿಟ್ಟವರು ಅವರು. ಶಾಲೆಯಲ್ಲಿದ್ದಾಗ ಮುಖ್ಯೋಪಾಧ್ಯಾಯರ ಕೆಮ್ಮನ್ನೇ ಕೆಮ್ಮಿ ಇಡೀ ತರಗತಿಯನ್ನು ತಣ್ಣಗಾಗಿಸುತ್ತಿದ್ದವರೂ ಅವರೇ. ಗೂಬೆ, ರೈಲು, ಸ್ಟಾರ್ಟ್ ಆಗದ ಟ್ರ್ಯಾಕ್ಟರು, ಎಲ್ಲವೂ ಆ ಗಂಟಲಲ್ಲಿದ್ದವು. ಯಃಕಶ್ಚಿತ್ ಒಂದು ಫೋನು ಯಾವ ಲೆಕ್ಕ? ತುಟಿ ಅಲುಗಿಸದೆ, ನಾಲಿಗೆಯನ್ನು ಅಂಗುಳಿಗೆ ಒತ್ತಿ, ಟೀಚರ್ ಅಂದರು: “ಟಿಣ್.”

ಡೆಲ್ಬರ್ಟನ ಕೈ ತಾನಾಗಿಯೇ ಪುಸ್ತಕವನ್ನು ಚೀಲಕ್ಕಿಳಿಸಿತು. ಕಣ್ಣು ಆಗಲೇ ಮುಂದಿನದರ ಮೇಲೆ. ಟಿಣ್. ಟಿಣ್. ಟಿಣ್.

“ಇವತ್ತು ಅದೃಷ್ಟ ಖುಲಾಯಿಸಿದೆ ಟೀಚರ್!”

“ಕೇಳಿಸ್ತಾ ಇದೆ ಮರಿ, ಕೇಳಿಸ್ತಾ ಇದೆ.”

ಮೇಜುಗಳು ಬೋಳಾದವು. ಚೀಲಗಳ ಗುಡ್ಡ ಎಳೆದುಕೊಂಡು ಹೋಗಿ ದುಡ್ಡು ತೆತ್ತ ಡೆಲ್ಬರ್ಟ್, ಲಾಭ ಎಷ್ಟಾದೀತೆಂದು ಫೋನು ನೋಡಿದ. ಪರದೆ ಕಪ್ಪಗಿತ್ತು.

“ಇದು ಯಾವಾಗ ಸತ್ತಿತು? ಹಾಗಾದ್ರೆ ಟಿಣ್ ಅಂತಿದ್ದದ್ದು ಯಾರು?”

ಟೀಚರ್ ನಗು ತಡೆಯಲು ಬಾಯಿ ಮುಚ್ಚಿಕೊಂಡರು. ಬೆರಳ ಸಂದಿಯಿಂದ ಅದು ಹೊರಬಿತ್ತು: “ಟಿಣ್.”

ಡೆಲ್ಬರ್ಟನ ಮುಖ ಟೊಮೇಟೊ ಆಯಿತು. ಮಾರ್ಲಿಸ್, ಹಾಸಿಗೆ, ಗ್ಯಾರೇಜು, ಮೂರೂ ಕಣ್ಮುಂದೆ ಹಾದವು. ಎಸೆಯಲೆಂದೇ ಒಂದು ಪುಸ್ತಕ ಎತ್ತಿದವನು, ಅಂದು ಮೊದಲ ಬಾರಿಗೆ, ಹೆಸರು ಓದಿದ.

“ಮೈಕ್ರೋವೇವಿನಲ್ಲಿ... ಮದುವೆ ಊಟ?”

ದುಡ್ಡು ಕೊಡಲು ಸಾಲಿನಲ್ಲಿ ನಿಂತವರು ಕಿಸಕ್ಕೆಂದರು. ಅವನು ಇನ್ನೊಂದು ಎತ್ತಿದ. “ನಿಮ್ಮ ಫ್ಯಾಕ್ಸ್ ಯಂತ್ರ ಮುನಿಸಿಕೊಂಡಾಗ!” ಮತ್ತೊಂದು. “ಕೋಳಿಗಳಿಗೆ ಸ್ವೆಟರ್ ಹೆಣೆಯುವ ಸುಲಭ ವಿಧಾನ!”

“ಏಯ್, ಕೋಳಿ ಸ್ವೆಟರ್ ನನಗಿರ್ಲಿ,” ಹಿಂದಿನಿಂದ ಒಬ್ಬ ರೈತ ಕೂಗಿದ. “ಮೂರು ಡಾಲರ್!”

“ನಾಲ್ಕು!” ಅಂದಳು ಅವನ ಹೆಂಡತಿ, ಗಂಡ ಎಂಬುದನ್ನೂ ನೋಡದೆ.

ಡೆಲ್ಬರ್ಟ್ ಕುರ್ಚಿ ಹತ್ತಿದ. ಒಪಲ್ ಟೀಚರದ್ದೇ ದನಿ, ಟೀಚರದ್ದೇ ರಾಗ, ಮೂಗಿನ ತುದಿಗೆ ಇಲ್ಲದ ಕನ್ನಡಕವನ್ನು ಜಾರಿಸಿಕೊಳ್ಳುವ ಟೀಚರದ್ದೇ ಠೀವಿ. ಒಂದೊಂದೇ ಹೆಸರು ಓದುತ್ತ ಹೋದ. ಜನ ನಗುತ್ತ, ದುಡ್ಡು ಕೊಟ್ಟು ಕಿತ್ತುಕೊಂಡರು. ಕೊನೇ ಚೀಲ ಖಾಲಿಯಾಗುವ ಹೊತ್ತಿಗೆ ಹೊರಗೆ ರದ್ದಿ ಲಾರಿಯ ಹಾರನ್ನು ಮೊಳಗಿತು: ಪೋಂಂಂ!

ಇಡೀ ನೆಲಮಾಳಿಗೆ ಒಟ್ಟಿಗೇ ತಿರುಗಿ ಒಪಲ್ ಟೀಚರನ್ನು ನೋಡಿತು.

“ಆಣೆಗೂ ಇದು ನಾನಲ್ಲ!” ಅಂದರು ಟೀಚರ್.

ಎಲ್ಲರಿಗಿಂತ ಜೋರಾಗಿ ನಕ್ಕವನು ಡೆಲ್ಬರ್ಟ್. ನಗುವಿನ ಭರಕ್ಕೆ ಕುರ್ಚಿಯಿಂದ ಜಾರಿ ಖಾಲಿ ಚೀಲಗಳ ಮೇಲೆ ಬಿದ್ದ.