ದೊಡ್ಡ ಮೋರಿ ಬಳಿ ಆನೆ

“ಆನೆ ಎಲ್ಲೈತೆ ಸಾವ್ಕಾರ್ರೇ? ನಂಗೂ ತೋರ್ಸಿ!”

ಮತಗಟ್ಟೆಯಾಗಿದ್ದ ಶಾಲೆಯ ಗೇಟಿನಾಚೆ ಸೋಮಿ ದೇರಪ್ಪನನ್ನು ಅಡ್ಡಗಟ್ಟಿ ನಿಂತಿದ್ದಳು. ಪಂಚಾಯಿತಿಯ ಒಂದೇ ಸೀಟಿಗೆ ಇಬ್ಬರೂ ಸ್ಪರ್ಧಿಗಳು. ಅವನು ಕಾಫಿ ಎಸ್ಟೇಟ್ ಮಾಲೀಕ, ಅವಳು ಅವನದೇ ಕೆಲಸಗಾರರ ಸಾಲುಮನೆ ‘ಲೈನ್’ನ ಕೂಲಿ. ಲೈನಿನ ಓಟು ಬಿದ್ದರೆ ಅವಳು ಗೆಲ್ಲುತ್ತಿದ್ದಳು. ಮಧ್ಯಾಹ್ನ ಕಳೆದರೂ ಲೈನಿನಿಂದ ಒಬ್ಬರೂ ಬಂದಿರಲಿಲ್ಲ.

ಬೆಳಿಗ್ಗೆ, ಆನೆ ಬಂದರೆ ಎಚ್ಚರಿಸುವ ವಾಟ್ಸಾಪ್ ‘ಆನೆ ಗ್ರೂಪಿ’ಗೆ ಒಂದು ಫೋಟೊ ಬಿದ್ದಿತ್ತು. ‘ದೊಡ್ಡ ಮೋರಿ ಬಳಿ ಆನೆ ಹಿಂಡು. ಯಾರೂ ನಡೆದುಕೊಂಡು ಬರಬೇಡಿ.’ ಲೈನಿನಿಂದ ಶಾಲೆಗೆ ಬರಲು ಆ ಮೋರಿ ದಾಟಲೇಬೇಕು. ಗ್ರೂಪಿಗೆ ಮೆಸೇಜ್ ಹಾಕಲು ಅಡ್ಮಿನ್‌ಗೆ ಮಾತ್ರ ಸಾಧ್ಯ. ಅಡ್ಮಿನ್ ದೇರಪ್ಪ.

“ಮೋರಿವರೆಗೂ ಹೋಗಿ ಬಂದೆ. ಒಂದು ಲದ್ದಿನೂ ಇಲ್ಲ.”

“ಆನೆ ನಿನ್ನ ಕೇಳ್ಕೊಂಡು ನಿಂತಿರುತ್ತಾ? ಗಂಡನಿಗೆ ಆದದ್ದು ಮರೆತುಹೋಯ್ತಾ?”

ನಾಚಿಕೆಗೆಟ್ಟ ಬಾಯಿ. ಹೋದ ವರ್ಷ ಆ ಮೋರಿಯ ಬಳಿಯೇ ಆನೆ ಅವಳ ಗಂಡ ನಿಂಗನನ್ನು ತುಳಿದು ಕೊಂದಿತ್ತು. ಹೆಣ ಇನ್ನೂ ಅಂಗಳದಲ್ಲಿದ್ದಾಗಲೇ ದೇರಪ್ಪ ಸೋಮಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೇಸ್‌ಬುಕ್ಕಿಗೆ ವಿಡಿಯೊ ಮಾಡಿಸಿದ್ದ. ‘ಆನೆ ಗ್ರೂಪ್ ಮಾಡ್ತೇನೆ. ಆನೆ ಇರೋ ದಿನ ನನ್ನ ಜನ ನೆಲಕ್ಕೆ ಕಾಲಿಡಬಾರದು. ಎಲ್ಲಿಗೆ ಹೋದ್ರೂ ನನ್ನ ಪಿಕಪ್ಪಲ್ಲೇ. ಇದು ನನ್ನ ಆರ್ಡರ್.’ ಅವಳ ಅಳುವ ಮುಖಕ್ಕೆ ಸಾವಿರಾರು ಲೈಕು ಬಂದವು. ಆ ಲೈಕಿನ ಅಮಲಿನಲ್ಲೇ ಅವನು ಚುನಾವಣೆಗೆ ಇಳಿದ. ಮೋರಿಗೊಂದು ಬೀದಿದೀಪ ಹಾಕಿಸುವ ಮಾತನ್ನು ಮಾತ್ರ ಅವನು ಎತ್ತಲಿಲ್ಲ. ಅದಕ್ಕೇ ಸೋಮಿ ನಿಂತಳು.

ದೇರಪ್ಪನ ಫೋನ್ ಮತ್ತೆ ಬಡಿದುಕೊಂಡಿತು. ಕಾಫಿ ಮೂಟೆ ಇಳಿಸಲು ಸೋಮವಾರಪೇಟೆಗೆ ಹೋಗಿದ್ದ ಎಸ್ಟೇಟಿನ ಗುಮಾಸ್ತ, ರೈಟರ್ ಅನಿಲ್‌ಕುಮಾರ್ ಬೆಳಗಿನಿಂದ ಪೀಡಿಸುತ್ತಿದ್ದ. ರೇಟು ಕೇಳಲಿಕ್ಕಿರಬೇಕು. ದೇರಪ್ಪ ಕಟ್ ಮಾಡಿದ.

ಸೋಮಿ ಲೈನಿನ ತುಳಸಿಗೆ ಫೋನ್ ಹಚ್ಚಿದಳು. “ಸುಳ್ಳು ಕಣೇ ಅದು. ಎಲ್ರನ್ನೂ ಕರ್ಕಂಡು ಬಾ.”

“ನಿಂಗಣ್ಣನೂ ಆನೆ ಇಲ್ಲ ಅಂತಲೇ ಹೋಗಿದ್ದು, ಅಕ್ಕ.”

ಸೋಮಿ ಫೋನ್ ಇಟ್ಟಳು. ಸತ್ತ ಗಂಡನನ್ನೇ ದೇರಪ್ಪ ಅವಳ ಎದುರು ನಿಲ್ಲಿಸಿದ್ದ, ಪಾಪಿ.

ಬಿಸಿಲು ಇಳಿಯಿತು. ಮತದಾನ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ದೇರಪ್ಪ ಮೀಸೆಯಡಿಯಲ್ಲಿ ನಕ್ಕ. “ಮನೆಗೆ ಹೋಗು ಸೋಮಿ. ನಾಳೆ ಪಿಕಿಂಗ್ ಇದೆ.”

ಆಗ ತಿರುವಿನಲ್ಲಿ ಹಾರನ್ ಕೇಳಿಸಿತು. ಒಂದು ಗಾಡಿ ಬಂದು ಗೇಟಿನ ಬಳಿ ನಿಂತಿತು. ಹಿಂದೆ ಜನ ಒತ್ತೊತ್ತಾಗಿ ನಿಂತಿದ್ದರು. ಮೊದಲು ತುಳಸಿ ಧುಮುಕಿದಳು. ಆಮೇಲೆ ಇಡೀ ಲೈನೇ ಇಳಿದು ಕ್ಯೂ ಹಿಡಿಯಿತು.

ದೇರಪ್ಪನ ಮುಖ ಕಪ್ಪಿಟ್ಟಿತು. “ಯಾರು ಹೇಳಿದ್ದು ಇವರನ್ನ ಕರ್ಕೊಂಡು ಬರೋಕೆ? ಅಲ್ಲಿ ಆನೆ...” ‘ಇಲ್ಲ’ ಎನ್ನಲು ಹೊರಟವನು ಸೋಮಿಯ ಕಣ್ಣು ನೋಡಿ ಬಾಯಿ ಮುಚ್ಚಿದ.

ಡ್ರೈವರ್ ಸೀಟಿನಿಂದ ಅನಿಲ್‌ಕುಮಾರ್ ಹೆಮ್ಮೆಯಿಂದ ಇಳಿದ. “ಕೇಳೋಣ ಅಂತ ಎಷ್ಟು ಸಲ ಫೋನ್ ಮಾಡ್ದೆ ಸಾರ್, ನೀವು ಎತ್ತಲೇ ಇಲ್ಲ. ಆನೆ ಇದೆ ಅಂತ ನೀವೇ ಹಾಕಿದ್ರಲ್ಲ, ನಿಮ್ಮ ಆರ್ಡರ್ ಪ್ರಕಾರ ಒಬ್ಬರನ್ನೂ ಬಿಡದೆ ನಮ್ಮ ಪಿಕಪ್ಪಲ್ಲೇ ತಂದೆ.”