ಮಾತಿಗೆ ಲೆಕ್ಕವಿಲ್ಲ

ಪರದೆಯ ಮೇಲೆ ಹೆಂಡತಿಯ ಕೈ ಅರ್ಧಕ್ಕೆ ಎದ್ದು ಹಾಗೇ ನಿಂತುಬಿಟ್ಟಿತು. ಬಡಗಿ ಫೋನನ್ನು ಇಂಜಿನಿಯರ್ ಕಡೆಗೆ ತಿರುಗಿಸಿದ.

ಇಂಟರ್ನೆಟ್ ಕಂಪನಿಯಿಂದ ದೂರು ವಿಚಾರಿಸಲು ಬಂದಿದ್ದ ಆಕೆ ಸ್ಟೂಲಿನ ಮೇಲಿನ ಮರದ ಹೊಟ್ಟು ಕೊಡವಿ ಕೂತು, ಲ್ಯಾಪ್‌ಟಾಪ್ ತೆರೆದಳು. ತಂತಿ ಸರಿಯಿತ್ತು, ಮೋಡೆಮ್ ಸರಿಯಿತ್ತು. ಆದರೆ ತಿಂಗಳ ಡೇಟಾ ಆಗಲೇ ಖಾಲಿಯಾಗಿ ವೇಗ ಇಳಿದುಹೋಗಿತ್ತು.

ಬಡಗಿಗೆ ಕಿವಿ ಕೇಳದು, ಬಾಯಿ ಮಾತೂ ಬಾರದು. ಅವನ ಪರವಾಗಿ ಅಕ್ಕನೇ ಎಲ್ಲ ಹೇಳಿದಳು. ಹೆಂಡತಿಯೂ ಅವನಂತೆಯೇ. ಚೊಚ್ಚಲ ಬಸಿರು, ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿ, ಬೇರೆ ಊರಿನ ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ. ಒಪ್ಪಿಕೊಂಡ ಕೆಲಸ ಬಿಟ್ಟು ಇವನು ಅಲ್ಲೇ ಹೋಗಿ ಕೂರುವಂತಿಲ್ಲ.

ಇಂಜಿನಿಯರ್ ನಿಯಮ ಬಿಡಿಸಿ ಹೇಳಿದಳು. ವಿಡಿಯೋ ಯಾವುದೇ ಇರಲಿ, ತಂತಿಯಲ್ಲಿ ಅದಕ್ಕೆ ಹಿಂದಿನ ಸಾಲು, ಡೇಟಾ ಲೆಕ್ಕಕ್ಕೂ ಸೇರುತ್ತದೆ. ಧ್ವನಿ ಕರೆಗೆ ಮೊದಲ ಸಾಲು, ಎಲ್ಲಕ್ಕಿಂತ ಮುಂಚೆ ಅದಕ್ಕೇ ದಾರಿ. ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಜನರ ಮಾತು ನಡುವೆ ಕಡಿಯಬಾರದೆಂದು ಹಟ ಹಿಡಿದು ಆ ನಿಯಮ ಬರೆದವಳು ಅವಳೇ.

"ಮಾತಾಡೋಕೆ ನಮ್ಮಲ್ಲಿ ಲೆಕ್ಕ ಇಲ್ಲ. ಎಷ್ಟು ಬೇಕಾದ್ರೂ ಮಾತಾಡಬಹುದು," ಎಂದಳು, ಸ್ವಲ್ಪ ಹೆಮ್ಮೆಯಿಂದಲೇ.

"ಅವ್ರು ಆಡ್ತಿರೋದೂ ಮಾತೇ ಅಲ್ವಾ ಮೇಡಂ?" ಎಂದಳು ಅಕ್ಕ.

ಇಂಜಿನಿಯರ್ ಪರದೆಯಲ್ಲಿ ನಿಂತಿದ್ದ ಕೈಯನ್ನೇ ನೋಡುತ್ತ ಮ್ಯಾನೇಜರಿಗೆ ಫೋನು ಮಾಡಿದಳು. ಒಂದು ಮನೆಗೆ ವಿಡಿಯೋ ವಿನಾಯಿತಿ ಕೊಟ್ಟರೆ ಊರೆಲ್ಲ ಬಂದು ಬಾಗಿಲು ತಟ್ಟುತ್ತದೆ ಎಂದು ಆತ ರಾಗ ಎಳೆದ.

"ಇದು ವಿಡಿಯೋ ಅಲ್ಲ ಸರ್, ಮಾತು. ಇಂಥ ಮನೆ ಎಷ್ಟಿದ್ರೂ ನಿಯಮ ಬದಲಾಗ್ಲೇಬೇಕು."

ಆತ ಗೊಣಗಿಕೊಂಡೇ ಒಪ್ಪಿದ. ಸದ್ಯಕ್ಕೆ ಈ ಮನೆ. ಮಿಕ್ಕಿದ್ದನ್ನು ಆಫೀಸಿನಲ್ಲಿ ಕೂತು ನೋಡೋಣ ಎಂದ. ಆ ಮನೆಯ ವಿಡಿಯೋ ಕರೆಯನ್ನು ಆಕೆ ಅಲ್ಲೇ ಧ್ವನಿಯ ಸಾಲಿಗೆ ಸೇರಿಸಿದಳು.

ಬಡಗಿ ಮತ್ತೆ ಕರೆ ಮಾಡಿದ. ಹೆಂಡತಿಯ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಮೂಡಿತು. ಕೈಗಳು ಸರಸರನೆ ಆಡತೊಡಗಿದವು. ಅವನು ಫೋನು ಒರಗಿಸಲು ಅತ್ತಿತ್ತ ನೋಡಿ, ಏನೂ ಸಿಗದೆ, ಇಂಜಿನಿಯರ್ ಕೈಗೇ ಕೊಟ್ಟುಬಿಟ್ಟ. ಅವನಿಗೆ ಎರಡೂ ಕೈ ಬೇಕಿತ್ತು.

ತೋಳು ನೋಯುವವರೆಗೂ ಆಕೆ ಹಿಡಿದೇ ನಿಂತಿದ್ದಳು. ಕೊನೆಗೆ, ಏನು ಮಾತಾಡ್ತಿದಾರೆ ಎಂದು ಅಕ್ಕನನ್ನು ಮೆಲ್ಲಗೆ ಕೇಳಿದಳು.

"ಜಗಳ ಮೇಡಂ, ಇಷ್ಟು ದಿನದ್ದೆಲ್ಲ ಒಟ್ಟಿಗೆ. ಸ್ವಲ್ಪ ಹಿಂದಕ್ಕೆ ಹಿಡೀರಿ, ಇವನ ಎಡಗೈ ಅವಳಿಗೆ ಕಾಣ್ತಿಲ್ವಂತೆ."