ದೊಡ್ಡಪ್ಪ ಗುಡಿಸಿದ ಸಾಲುಗಳು

ಒಂದಾನೊಂದು ಕಾಲದಲ್ಲಿ, ಎಂದರೆ ಇವತ್ತು ಬೆಳಿಗ್ಗೆ ಒಂಬತ್ತಕ್ಕೆ, ಬ್ರೈಲ್ ಅಚ್ಚುಕೂಟದ ದೊರೆಯಾದ ದೊಡ್ಡಪ್ಪ ಲಿನಕ್ಸ್ ಕಂಪ್ಯೂಟರಿನ ಫೈಲೊಂದರಲ್ಲಿ ತಮಗೆ ಅರ್ಥವಾಗದ ಸಾಲುಗಳನ್ನೆಲ್ಲ ಅಳಿಸಿಬಿಟ್ಟರು. ಯಾವ ಡಿಸ್ಕ್ ಎಲ್ಲಿದೆಯೆಂದು ಯಂತ್ರಕ್ಕೆ ಹೇಳುತ್ತಿದ್ದುದೇ ಆ ಸಾಲುಗಳು. ಕಂಪ್ಯೂಟರ್ ಮತ್ತೆ ಏಳಲೇ ಇಲ್ಲ, ಅಚ್ಚಿನ ಕೆಲಸವೂ ನಿಂತಿತು. ಮಧ್ಯಾಹ್ನ ಎರಡರ ಪರೀಕ್ಷೆಗೆ ಅಂಧ ಮಕ್ಕಳ ಪ್ರಶ್ನೆಪತ್ರಿಕೆಗಳನ್ನು ಹನ್ನೊಂದಕ್ಕೆ ಕೊಡುತ್ತೇನೆಂದು ಶಾಲೆಗೆ ಮಾತು ಕೊಟ್ಟಿದ್ದವಳು ದೊಡ್ಡಪ್ಪನ ತಮ್ಮನ ಮಗಳು. ಈಗ ಹನ್ನೊಂದೂವರೆ.

“ಕಸ ಅಂದ್ಕೊಂಡು ಗುಡಿಸ್ದೆ ಕಣೇ,” ಎಂದರು ದೊಡ್ಡಪ್ಪ. “ನಿನ್ನ ಕೈಯಿಂದ ತಪ್ಪಾಯ್ತು ಅಂತ ಶಾಲೆಗೆ ಹೇಳ್ಬಿಡು. ಈ ವಯಸ್ಸಲ್ಲಿ ನನಗ್ಯಾಕೆ ಅವಮಾನ?”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕುಗಳ ಗುರುತು ಹುಡುಕಿ, ಹೋದ ಸಾಲುಗಳನ್ನು ಕೀಲಿಮಣೆ ಕುಟ್ಟಿ ಕುಟ್ಟಿ ಮತ್ತೆ ಬರೆದಳು. ಕೊನೆಗೆ, ಯಂತ್ರ ಓದದೆ ಬಿಡುವ, ಮನುಷ್ಯರಿಗಷ್ಟೇ ಬೇಕಾದ ಟಿಪ್ಪಣಿಯೊಂದನ್ನು ಸೇರಿಸಿದಳು: ‘ಇವನ್ನು ಅಳಿಸಿದವರು ದೊಡ್ಡಪ್ಪ.’

“ಅದನ್ನ ತೆಗಿಯೇ!”

“ತೆಗಿಯಲ್ಲ. ಶಾಲೆಗೆ ನೀವೇ ಫೋನ್ ಮಾಡ್ತೀರೋ, ಇಲ್ಲಾ ಇದನ್ನೂ ಬ್ರೈಲಲ್ಲಿ ಅಚ್ಚು ಹಾಕಿ ಮಕ್ಕಳಿಗೆ ಕಳಿಸ್ಲೋ?”

ದೊಡ್ಡಪ್ಪ ಮೂತಿ ಊದಿಸಿಕೊಂಡೇ ಫೋನ್ ಎತ್ತಿದರು. “ಮೇಡಂ, ತಪ್ಪು ನಂದು... ಹೌದು, ನಂದೇ.” ಅವಳು ಕಂಪ್ಯೂಟರನ್ನು ಮತ್ತೆ ಶುರುಮಾಡಿದಳು; ಈ ಸಲ ಅದು ಎದ್ದಿತು. ಅಚ್ಚುಯಂತ್ರದಲ್ಲಿ ಹಾಳೆಗಳ ಮೇಲೆ ಬ್ರೈಲ್ ಚುಕ್ಕಿಗಳು ಟಕಟಕನೆ ಎದ್ದವು. ಹನ್ನೆರಡೂವರೆಗೆ ಪ್ರಶ್ನೆಪತ್ರಿಕೆಗಳ ಕಟ್ಟು ಶಾಲೆಯವರ ಕೈ ಸೇರಿತು.